ಚಿತ್ರ ನೋಡಿದ್ದು ಸಾಕು, ಇನ್ನು ನಕ್ಷೆ ಓದಿ

ಪ್ರಶ್ನೆ: ನಾವು ಹಾಸನದವರು. 30×40 ಸೈಟಿದೆ, ಮುಂದಿನ ವರ್ಷ ಮನೆ ಕಟ್ಟಿಸಬೇಕು ಅಂತಿದ್ದೇವೆ. ಮಗಳು ಎರಡನೇ ಪಿಯುಸಿ. ಆರ್ಕಿಟೆಕ್ಚರ್ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಇಬ್ಬರೂ ದಿನಾ ರಾತ್ರಿ ಮೊಬೈಲ್‌ನಲ್ಲಿ ಮನೆ ಚಿತ್ರ ನೋಡುತ್ತೇವೆ. ನಾನೂರು ಚಿತ್ರ ಸೇವ್ ಆಗಿವೆ, ಆದರೆ ನೋಡಿದಷ್ಟೂ ಗೊಂದಲವೇ ಜಾಸ್ತಿ. ಕಟ್ಟಡ, ಅದರ ವಿನ್ಯಾಸ, ಊರು ಬೆಳೆಯುವ ರೀತಿ ಇದನ್ನೆಲ್ಲ ತಿಳಿದುಕೊಳ್ಳಲು ಆನ್‌ಲೈನ್‌ನಲ್ಲಿ ನಂಬುವಂಥದ್ದು ಏನಿದೆ? ದುಡ್ಡು ಕೊಡದೆ ಸಿಗುವುದಾದರೆ ಒಳ್ಳೆಯದು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

ಉತ್ತರ: ಮೊದಲು ಆ ನಾನೂರು ಚಿತ್ರದ ವಿಷಯ ಮುಗಿಸೋಣ.

ಮನೆ ಕಟ್ಟಿಸಲು ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನ ಕೂತ ತಕ್ಷಣ ಮೊಬೈಲ್ ಮುಂದೆ ಹಿಡಿಯುತ್ತಾರೆ. "ಸಾರ್, ಇಂಥದ್ದು ಬೇಕು." ನೆಲದಿಂದ ಸೂರಿನ ತನಕ ಗಾಜು, ಮುಂದೆ ಒಂದು ಸೋಫಾ, ಆಚೆ ಹಸಿರು. ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಈ ಮನೆ ಯಾವ ಊರಲ್ಲಿದೆ? ಗಾಜು ಯಾವ ದಿಕ್ಕಿಗಿದೆ? ಗಂಡ-ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ತಪ್ಪೇನಿಲ್ಲ, ಚಿತ್ರದಲ್ಲಿ ಅದು ಇರುವುದೇ ಇಲ್ಲ. ಚಳಿ ದೇಶದವರು ಬಿಸಿಲಿಗೆ ಹಂಬಲಿಸಿ ಹಾಕಿಸಿದ ಗಾಜನ್ನು ತಂದು ನಮ್ಮ ಪಶ್ಚಿಮದ ಗೋಡೆಗೆ ಹಾಕಿದರೆ ಸಂಜೆ ಹೊತ್ತು ಹಾಲ್‌ನಲ್ಲಿ ಕೂರುವ ಹಾಗಿಲ್ಲ. ಈಗ ಕಂಪ್ಯೂಟರೇ ಬರೆದ ಚಿತ್ರಗಳೂ ಸೇರಿಕೊಂಡಿವೆ. ಈಚೆಗೆ ಒಬ್ಬರು ತೋರಿಸಿದ ಚಿತ್ರದಲ್ಲಿ ಮೆಟ್ಟಿಲು ಅಂದವಾಗಿ ಮೇಲೆ ಹೋಗಿ ಸೀದಾ ಗೋಡೆಗೆ ಮುಗಿದಿತ್ತು. ಬಾಗಿಲೇ ಇಲ್ಲ! ಮೂರು ತಿಂಗಳಿಂದ ಅದನ್ನೇ ನೋಡುತ್ತಿದ್ದರಂತೆ, ಗೊತ್ತಾಗಿರಲಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ಫೋಟೊ ಬಿಡಿ, ನಕ್ಷೆ ಹಿಡಿಯಿರಿ. ಕಟ್ಟಡವನ್ನು ಅರ್ಥ ಮಾಡಿಕೊಳ್ಳಲು ಎರಡು ನಕ್ಷೆ ಓದಲು ಬಂದರೆ ಸಾಕು. ಒಂದು ಪ್ಲಾನು. ಮನೆಯನ್ನು ಕಿಟಕಿ ಮಟ್ಟಕ್ಕೆ ಅಡ್ಡಡ್ಡ ಕೊಯ್ದು, ಮೇಲಿನದನ್ನು ಎತ್ತಿಟ್ಟು, ಬಗ್ಗಿ ನೋಡಿದ ಹಾಗೆ. ಇನ್ನೊಂದು ಸೆಕ್ಷನ್ನು. ಹಲಸಿನ ಹಣ್ಣನ್ನು ತೊಟ್ಟಿನಿಂದ ಉದ್ದಕ್ಕೆ ಸೀಳಿದ ಹಾಗೆ. ಪ್ಲಾನಿನಲ್ಲಿ ಯಾವ ಕೋಣೆ ಎಲ್ಲಿ ಅಂತ ಕಾಣುತ್ತದೆ. ಸೆಕ್ಷನ್ನಿನಲ್ಲಿ ಎತ್ತರ ಕಾಣುತ್ತದೆ, ಬೆಳಕು ಎಲ್ಲಿಂದ ಬೀಳುತ್ತದೆ, ಬಿಸಿ ಗಾಳಿ ಎಲ್ಲಿಂದ ಹೊರಹೋಗುತ್ತದೆ ಅನ್ನುವುದು ಕಾಣುತ್ತದೆ. ನಮ್ಮ ತೊಟ್ಟಿ ಮನೆ ಯಾಕೆ ತಂಪು ಅಂತ ಪ್ಲಾನು ನೋಡಿದರೆ ಅರ್ಧ ಗೊತ್ತಾಗುತ್ತದೆ, ಸೆಕ್ಷನ್ ನೋಡಿದರೆ ಪೂರ್ತಿ. ಇನ್ನು ಇಂಗ್ಲಿಷಿನ ಭಯ ನಿಮಗೆ ಬೇಡ. ಗೆರೆಗೆ ಭಾಷೆ ಇಲ್ಲ.

ಆನ್‌ಲೈನ್‌ಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಒಂದು ಟೇಪು, ಒಂದು ಗ್ರಾಫ್ ಪುಸ್ತಕ ತಗೊಂಡು ನೀವಿಬ್ಬರೂ ಈಗ ಇರುವ ಮನೆಯನ್ನೇ ಅಳೆಯಿರಿ. ಅಡಿಗೆಮನೆ ಕಟ್ಟೆ ಎಷ್ಟು ಎತ್ತರ, ಬಚ್ಚಲ ಬಾಗಿಲು ಎಷ್ಟು ಅಗಲ, ಮಂಚದ ಪಕ್ಕ ಓಡಾಡಲು ಎಷ್ಟು ಜಾಗ ಉಳಿದಿದೆ, ಎಲ್ಲ ಬರೆದಿಡಿ. ಇದನ್ನು ಮಾಡಿದ ಮೇಲೆ ಎಲ್ಲೋ "10×11 ಬೆಡ್‌ರೂಮ್" ಅಂತ ಓದಿದರೆ ಅದು ಬರೀ ಅಂಕಿಯಾಗಿ ಉಳಿಯುವುದಿಲ್ಲ. ಬೀರು ಬಾಗಿಲು ತೆಗೆದರೆ ಮಂಚಕ್ಕೆ ತಾಗುತ್ತದೆ ಅನ್ನುವುದು ಕಣ್ಣಿಗೆ ಬರುತ್ತದೆ.

ಈಗ ತಾಣಗಳ ಮಾತು. ಎಲ್ಲರೂ ಮೊದಲು ಹೇಳುವುದು ಆರ್ಚ್‌ಡೈಲಿ. ಚಿಲಿ ದೇಶದವರು 2008ರಲ್ಲಿ ಶುರು ಮಾಡಿದ್ದು, ಪ್ರಪಂಚದ ಎಲ್ಲ ಕಡೆಯ ಹೊಸ ಕಟ್ಟಡಗಳು ಅಲ್ಲಿರುತ್ತವೆ. ನೋಡಿ, ಬೇಡ ಅನ್ನುವುದಿಲ್ಲ. ಆದರೆ ತಿಳಿದು ನೋಡಿ. ಕಟ್ಟಡದ ಬಗ್ಗೆ ಇರುವ ಬರಹ ಹೆಚ್ಚಿನ ಸಲ ಅದನ್ನು ಮಾಡಿದವರ ಆಫೀಸಿನಿಂದಲೇ ಬಂದಿರುತ್ತದೆ. ತಮ್ಮ ಮಜ್ಜಿಗೆ ಹುಳಿ ಅಂತ ಯಾರು ಹೇಳಿಯಾರು? ಸೋರುವ ತಾರಸಿ, ಮುಗಿಯುವ ಹೊತ್ತಿಗೆ ಎರಡರಷ್ಟಾದ ಖರ್ಚು ಅಲ್ಲಿ ಬರುವುದಿಲ್ಲ. ಅದಕ್ಕೆ ನಾನು ಫೋಟೊಗಳನ್ನು ದಾಟಿ ಸೀದಾ ಕೊನೆಗೆ ಹೋಗುತ್ತೇನೆ. ನಕ್ಷೆಗಳಿರುವುದು ಅಲ್ಲೇ. ಹುಡುಕುವಾಗ ದೇಶ ಅಂತ ಇರುವ ಕಡೆ ಇಂಡಿಯಾ ಹಾಕಿ. ಶ್ರೀಲಂಕಾ, ವಿಯೆಟ್ನಾಂ ಕೂಡ ನೋಡಿ. ಅವರ ಮಳೆ, ಸೆಕೆ ನಮಗೆ ಹತ್ತಿರ, ಅವರ ಸಣ್ಣ ಸೈಟಿನ ಮನೆಗಳಂತೂ ನಮ್ಮ 30×40ಕ್ಕೆ ನೇರ ಪಾಠ.

ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದದ್ದು ಆರ್ಚ್‌ನೆಟ್. ನೋಡಲು ಹಳೆಯ ಕಾಲದ ಲೈಬ್ರರಿ ಹಾಗಿದೆ, ಮೊದಲ ದಿನ ಬೇಜಾರಾಗಬಹುದು. ಒಳ್ಳೆಯ ಕಟ್ಟಡಗಳಿಗೆ ಕೊಡುವ ಆಗಾ ಖಾನ್ ಪ್ರಶಸ್ತಿಗೆ ಬಂದ ಕಟ್ಟಡಗಳ ನಕ್ಷೆ, ಫೋಟೊ, ವರದಿ ಎಲ್ಲ ಅಲ್ಲಿ ಪುಕ್ಕಟೆ ಸಿಗುತ್ತವೆ. ಆ ಪ್ರಶಸ್ತಿಯ ರೀತಿಯೇ ಬೇರೆ. ಕಟ್ಟಿದವರು ಹೇಳಿದ್ದನ್ನೇ ನಂಬುವುದಿಲ್ಲ. ಒಬ್ಬ ತಜ್ಞರನ್ನು ಸ್ಥಳಕ್ಕೆ ಕಳಿಸುತ್ತಾರೆ. ಅವರು ಅಲ್ಲಿ ವಾಸ ಮಾಡುವವರ ಜೊತೆ ಮಾತಾಡಿ, ಖರ್ಚು, ಸಾಮಾನು, ಕೊರತೆ ಎಲ್ಲ ನೋಡಿ ವರದಿ ಬರೆಯುತ್ತಾರೆ. ಆ ವರದಿಗಳೇ ಚಿನ್ನ.

ಒಂದನ್ನಂತೂ ಓದಲೇಬೇಕು, ಮಗಳ ಸಹಾಯ ತಗೊಂಡಾದರೂ. ಇಂದೋರಿನ ಅರಣ್ಯ ಬಡಾವಣೆ. ಆರ್ಕಿಟೆಕ್ಟ್ ಬಾಲಕೃಷ್ಣ ದೋಶಿ ಮಾಡಿದ್ದು, 1995ರಲ್ಲಿ ಈ ಪ್ರಶಸ್ತಿ ಬಂತು. ಬೆಂಗಳೂರಿನ ಐಐಎಂ ಕಟ್ಟಡ ಮಾಡಿದ್ದೂ ಅವರೇ, 2018ರಲ್ಲಿ ಆರ್ಕಿಟೆಕ್ಟರಿಗೆ ಸಿಗುವ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದರು. ಅರಣ್ಯದಲ್ಲಿ ಬಡವರಿಗೆ ಕೊಟ್ಟ ಅತಿ ಚಿಕ್ಕ ಸೈಟು 35 ಚದರ ಮೀಟರ್. ಅಂದರೆ 380 ಚದರಡಿಗೂ ಕಡಿಮೆ. ನಿಮ್ಮ ಸೈಟಿನ ಮೂರನೇ ಒಂದು ಪಾಲೂ ಇಲ್ಲ! ಪೂರ್ತಿ ಮನೆ ಕಟ್ಟಿ ಕೊಡಲಿಲ್ಲ. ಪಾಯ, ನೀರು, ಶೌಚಾಲಯ ಇಷ್ಟನ್ನು ಕೊಟ್ಟು ಮಿಕ್ಕಿದ್ದನ್ನು ಅವರವರ ಕೈಗೆ ಬಿಟ್ಟರು. ಹೀಗೂ ಬೆಳೆಸಬಹುದು ಅಂತ ತೋರಿಸಲು 80 ಮಾದರಿ ಮನೆ ಕಟ್ಟಿದರು. ಆ ನಕ್ಷೆಗಳನ್ನು ನೋಡಿ. ಮನೆಗೂ ಬೀದಿಗೂ ನಡುವೆ ಒಂದು ಜಗುಲಿ, ಹೊರಗಿನಿಂದಲೇ ಹತ್ತುವ ಒಂದು ಮೆಟ್ಟಿಲು. ಮಗ ಮದುವೆಯಾದರೆ ಮೇಲೊಂದು ಕೋಣೆ, ಇಲ್ಲವೇ ಬಾಡಿಗೆಗೆ. ಇದನ್ನು ನೋಡಿದ ಮೇಲೆ ನಿಮ್ಮ 1200 ಚದರಡಿಯಲ್ಲಿ ಒಂದೇ ಸಲಕ್ಕೆ ಮೂರು ಬೆಡ್‌ರೂಮ್ ತುರುಕಲೇಬೇಕಾ ಅಂತ ಯೋಚನೆ ಬಂದರೆ ನನಗೆ ಸಂತೋಷ.

ಖರ್ಚಿನ ವಿಷಯಕ್ಕೆ ಆರ್ಕಿಟೆಕ್ಟ್ ಲಾರಿ ಬೇಕರ್. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದವರು, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. ಸಾಮಾನ್ಯ ಜನರಿಗಾಗಿ ಸಣ್ಣ ಸಣ್ಣ ಪುಸ್ತಿಕೆ ಬರೆದರು. ಅವರ ಹೆಸರು ಹಾಕಿ ಹುಡುಕಿದರೆ ಪಿಡಿಎಫ್ ಸಿಗುತ್ತವೆ. ಇಂಗ್ಲಿಷಿನಲ್ಲಿವೆ, ಆದರೆ ಪುಟಪುಟಕ್ಕೂ ಅವರೇ ಕೈಯಲ್ಲಿ ಬರೆದ ಚಿತ್ರ. ಎಡಗಡೆ ನಾವು ಮಾಡುವ ದಂಡದ ಕೆಲಸ, ಬಲಗಡೆ ಸರಳ ದಾರಿ, ಆ ತರಹ. ಇಟ್ಟಿಗೆಯನ್ನು ಮಲಗಿಸದೆ ಪಕ್ಕಕ್ಕೆ ನಿಲ್ಲಿಸಿ, ಗೋಡೆಯೊಳಗೆ ಪೊಳ್ಳು ಬಿಟ್ಟು ಕಟ್ಟುವ ರೀತಿಯನ್ನು ನಮ್ಮಲ್ಲಿ ಜನಪ್ರಿಯ ಮಾಡಿದ್ದು ಅವರೇ. ರ‍್ಯಾಟ್ ಟ್ರ್ಯಾಪ್ ಬಾಂಡ್ ಅಂತಾರೆ. ಇಟ್ಟಿಗೆ ಹೆಚ್ಚುಕಡಿಮೆ ಕಾಲು ಭಾಗ ಉಳಿಯುತ್ತದೆ, ಒಳಗಿನ ಗಾಳಿಯಿಂದ ಗೋಡೆ ಬೇಗ ಕಾಯುವುದಿಲ್ಲ. ನಾನೂ ಕೆಲವು ಮನೆಗೆ ಮಾಡಿಸಿದ್ದೇನೆ. ಆದರೆ ಇಟ್ಟಿಗೆ ಎಲ್ಲ ಒಂದೇ ಅಳತೆಗೆ ಇರಬೇಕು, ಮೇಸ್ತ್ರಿಗೆ ಕೈ ಕೂತಿರಬೇಕು. ಇಲ್ಲವಾದರೆ ಉಳಿಸಿದ ದುಡ್ಡು ಗಾರೆಗೆ ಹೋಗುತ್ತದೆ.

ಮಣ್ಣಿನ ಇಟ್ಟಿಗೆ ಬಗ್ಗೆ ಆಸಕ್ತಿ ಇದ್ದರೆ ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟ್‌ನ ತಾಣದಲ್ಲಿ ಬೇಕಾದಷ್ಟಿದೆ. ಅದಕ್ಕೂ ಮುಂಚೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದರ ಕೆಲಸ ದೊಡ್ಡದಾಗಿ ನಡೆದಿದೆ. 1974ರಲ್ಲಿ ಅಲ್ಲಿ ಆಸ್ತ್ರ ಅನ್ನುವ ಕೇಂದ್ರ ಹುಟ್ಟಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವೇ ಅದರ ಗುರಿ. ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಸೇರಿಸಿ ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆ ಕರ್ನಾಟಕದಲ್ಲಿ ಹರಡಿದ್ದು ಅವರಿಂದ. ಸುಡುವ ಕೆಲಸವೇ ಇಲ್ಲ, ಮೂರ್ನಾಲ್ಕು ವಾರ ನೀರುಣಿಸಿದರೆ ಆಯಿತು.

ಈಗ ಬಿಸಿಲು. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ಮನೆ ಕಟ್ಟಿಸುವವರು ಆಯ ಬಂದಿದೆಯಾ ಅಂತ ನಾಲ್ಕು ಸಲ ಕೇಳುತ್ತಾರೆ, ಬಿಸಿಲು ಎಲ್ಲಿ ಬರುತ್ತೆ ಅಂತ ಒಂದು ಸಲವೂ ಕೇಳುವುದಿಲ್ಲ. ಸನ್‌ಕ್ಯಾಲ್ಕ್ ಅನ್ನುವ ತಾಣ ತೆರೆಯಿರಿ. ನಕ್ಷೆಯಲ್ಲಿ ನಿಮ್ಮ ಸೈಟಿನ ಮೇಲೆ ಬೆರಳಿಟ್ಟು ತಾರೀಖು, ಗಂಟೆ ಕೊಡಿ. ಸೂರ್ಯ ಯಾವ ದಿಕ್ಕಲ್ಲಿ, ಎಷ್ಟು ಎತ್ತರದಲ್ಲಿ ಅಂತ ಹೇಳುತ್ತದೆ.

ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರಿನ ಹಾಗೇ. ಏಪ್ರಿಲ್ 25ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ನಡುನೆತ್ತಿಗೆ ಬರುತ್ತಾನೆ, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಮತ್ತೆ ಹಾಗಾಗುವುದು ಆಗಸ್ಟ್ 18ರ ಆಸುಪಾಸು. ನಡುವಿನ ಅಷ್ಟೂ ದಿನ ಮಧ್ಯಾಹ್ನದ ಸೂರ್ಯ ನಿಮ್ಮ ಉತ್ತರಕ್ಕಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅನ್ನುವುದು ಬೇರೆ ದೇಶದ ಪುಸ್ತಕದ ಮಾತು. ಡಿಸೆಂಬರ್ 21ಕ್ಕೆ ಅವನು ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ಎತ್ತರ ಸುಮಾರು 53 ಡಿಗ್ರಿ. ಆಗ ದಕ್ಷಿಣದ ಕಿಟಕಿ ಮೇಲೆ 2 ಅಡಿ ಸಜ್ಜಾ ಇದ್ದರೆ ಅದರ ನೆರಳು 2 ಅಡಿ 8 ಇಂಚಿನಷ್ಟು ಕೆಳಗಿಳಿಯುತ್ತದೆ. 4 ಅಡಿ ಕಿಟಕಿಯ ಮೂರನೇ ಎರಡು ಪಾಲು ಮುಚ್ಚಿತು. ಸಾಕು, ಚಳಿಗಾಲಕ್ಕೆ ಸ್ವಲ್ಪ ಬಿಸಿಲು ಬರಲಿ ಬಿಡಿ. ಅದೇ 2 ಅಡಿ ಸಜ್ಜಾವನ್ನು ಪಶ್ಚಿಮದ ಕಿಟಕಿಗೆ ಹಾಕಿ ನೋಡಿ. ಏಪ್ರಿಲ್ ಕೊನೆಯಲ್ಲಿ ಸಂಜೆ 5 ಗಂಟೆಗೆ ಸೂರ್ಯ ಬರೀ 23 ಡಿಗ್ರಿ ಎತ್ತರದಲ್ಲಿರುತ್ತಾನೆ. ನೆರಳು ಇಳಿಯುವುದು 10 ಇಂಚು. ಮಿಕ್ಕ ಬಿಸಿಲೆಲ್ಲ ಒಳಗೆ. ಪಶ್ಚಿಮಕ್ಕೆ ಸಜ್ಜಾ ಉಪಯೋಗವಿಲ್ಲ, ಮರ ಬೇಕು, ತೂತುತೂತಿನ ಜಾಲರಿ ಗೋಡೆ ಬೇಕು. ಇಲ್ಲವೇ ಆ ಕಡೆ ಬಚ್ಚಲು, ಮೆಟ್ಟಿಲು, ಸ್ಟೋರು ಇಟ್ಟುಬಿಡಿ.

ಈ ಲೆಕ್ಕವನ್ನು ಮಗಳ ಕೈಲಿ ಮಾಡಿಸಿ. ಹೈಸ್ಕೂಲಿನ ಟ್ರಿಗನಾಮೆಟ್ರಿ ಅಷ್ಟೇ. ಟ್ಯಾನ್ 53 ಯಾವುದಕ್ಕೆ ಬೇಕು ಅಂತ ಅವಳಿಗೆ ಯಾರೂ ಹೇಳಿರಲಾರರು.

ಅಳತೆಗಳ ವಿಷಯಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಇದೆ, 2016ರದು. ಅದನ್ನು ತರುವ ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್ ತಾಣದಲ್ಲಿ ಹೆಸರು ನೋಂದಾಯಿಸಿದರೆ ಅವರ ಮಾನದಂಡಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ದಪ್ಪ ಗ್ರಂಥ, ಪೂರ್ತಿ ಓದಬೇಡಿ. ಮನೆಗೆ ಬೇಕಾದ್ದು ನಾಲ್ಕೈದು ಸಾಲು. ವಾಸದ ಕೋಣೆ ಕನಿಷ್ಠ 2.75 ಮೀಟರ್ ಎತ್ತರ, ಅಂದರೆ 9 ಅಡಿ. ಒಂದು ಕೋಣೆಯಾದರೂ 9.5 ಚದರ ಮೀಟರ್‌ಗೆ ಕಡಿಮೆ ಇರಬಾರದು. ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಕಾಲಿಡುವ ಜಾಗ 250ಕ್ಕೆ ಕಡಿಮೆ ಆಗಬಾರದು. ಏಳೂವರೆ ಇಂಚು, ಹತ್ತು ಇಂಚು ಅಂದುಕೊಳ್ಳಿ. ಸೈಟು ಚಿಕ್ಕದಾದಾಗ ಮೊದಲು ಕತ್ತರಿ ಬೀಳುವುದು ಮೆಟ್ಟಿಲಿಗೇ. ಅತ್ತೆ-ಮಾವ ಮೇಲೆ ಹತ್ತಲಾಗದೆ ಕೂತಾಗ ಗೊತ್ತಾಗುತ್ತದೆ. ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಮಹಡಿ ಅನ್ನುವುದು ಮಾತ್ರ ನಿಮ್ಮೂರಿನ ನಿಯಮದಂತೆ. ಅದನ್ನು ನಗರಾಭಿವೃದ್ಧಿ ಪ್ರಾಧಿಕಾರದಲ್ಲೇ ಕೇಳಿ, ಯೂಟ್ಯೂಬ್ ನಂಬಬೇಡಿ.

ಯೂಟ್ಯೂಬ್ ಅಂದೆನಲ್ಲ. "ಇಷ್ಟು ಲಕ್ಷಕ್ಕೆ ಡ್ಯೂಪ್ಲೆಕ್ಸ್" ಅನ್ನುವ ವೀಡಿಯೊಗಳ ಲೆಕ್ಕದಲ್ಲಿ ಕಾಂಪೌಂಡು, ಸಂಪು, ಬೋರ್‌ವೆಲ್, ವಿದ್ಯುತ್ ಸಂಪರ್ಕ ಎಲ್ಲಿದೆ ಅಂತ ಹುಡುಕಿ. ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕನ್ನಡದಲ್ಲೇ ಮೇಸ್ತ್ರಿಗಳು, ಎಂಜಿನಿಯರುಗಳು ಪಾಯ ತೋಡುವುದು, ಕಂಬಿ ಕಟ್ಟುವುದು, ಮೋಲ್ಡ್ ಹಾಕುವುದನ್ನು ತೋರಿಸುವ ವೀಡಿಯೊಗಳು ಒಳ್ಳೆಯವಿವೆ. ಅವನ್ನು ನೋಡಿ. ನಾಳೆ ನಿಮ್ಮ ಸೈಟಿನಲ್ಲಿ ಕ್ಯೂರಿಂಗ್, ಅಂದರೆ ನೀರುಣಿಸುವುದನ್ನು ತಪ್ಪಿಸಿದರೆ ಕೇಳುವ ಧೈರ್ಯ ಬರುತ್ತದೆ.

ಮಗಳಿಗೆ ಹೇಳಬೇಕಾದ್ದು ಬೇರೆಯೇ ಇದೆ. ಅವಳ ಅದೃಷ್ಟಕ್ಕೆ ಹಾಸನದಲ್ಲಿದ್ದಾಳೆ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಯುನೆಸ್ಕೋ ತಾಣದಲ್ಲಿ ಅದಕ್ಕಾಗಿ ಸಲ್ಲಿಸಿದ ಕಡತವೂ ಸಿಗುತ್ತದೆ, ನಕ್ಷೆ ಸಮೇತ. ಅದಕ್ಕಿಂತ ಹಳೆಯದು ಬೇಕಾದರೆ ಇಂಟರ್ನೆಟ್ ಆರ್ಕೈವ್‌ಗೆ ಹೋಗಲಿ. ಕನ್ನಡ ಕವಿಗಳ ಚರಿತ್ರೆ ಬರೆದ ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. ನೂರು ವರ್ಷದ ಹಿಂದೆ ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಯ ಗುಡಿಗಳ ಮೇಲೆ ಒಂದೊಂದು ಪುಸ್ತಕ ತಂದರು. ಮೂರನ್ನೂ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಇಲಾಖೆಯ ವರ್ಷವರ್ಷದ ವರದಿಗಳೂ ಇವೆ, ಕಣ್ಣಿಗೆ ಬೀಳದ ಎಷ್ಟೋ ಹಳ್ಳಿ ಗುಡಿಗಳ ಪ್ಲಾನು ಅವುಗಳಲ್ಲಿದೆ.

ದೊಡ್ಡಗದ್ದವಳ್ಳಿ ನಿಮಗೆ ಬೇಲೂರು ರಸ್ತೆಯಲ್ಲೇ ಸಿಗುತ್ತದೆ. ಒಂದು ಭಾನುವಾರ ಅದರ ಪ್ಲಾನನ್ನು ಪ್ರಿಂಟ್ ತೆಗೆದುಕೊಂಡು ಹೋಗಿ. ನಾಲ್ಕು ಗರ್ಭಗುಡಿಯ ಗುಡಿ ಅದು, ಹೊಯ್ಸಳರಲ್ಲಿ ಅಪರೂಪ. ಕೈಯಲ್ಲಿ ಹಾಳೆ ಹಿಡಿದು ಒಳಗೆ ನಿಂತು, ನಾನೀಗ ಎಲ್ಲಿದ್ದೇನೆ ಅಂತ ಬೆರಳಿಡಲು ಮಗಳಿಗೆ ಹೇಳಿ. ಮೊದಲ ಸಲ ತಪ್ಪುತ್ತಾಳೆ. ಕಾಳಿ ಗುಡಿಯ ಮುಂದಿನ ಎಲುಬಿನ ಬೇತಾಳಗಳನ್ನು ನೋಡುತ್ತ ನಾನೂ ತಪ್ಪಿದ್ದೆ. ಎರಡನೇ ಸಲ ಹಾಳೆಯ ಮೇಲಿನ ಗೆರೆ ಕಲ್ಲಾಗಿ ಎದ್ದು ನಿಲ್ಲುತ್ತದೆ.

ಸೋಮನಾಥಪುರಕ್ಕೆ ಇನ್ನೊಂದು ಆಟ. ಅಲ್ಲಿನ ಗರ್ಭಗುಡಿಗಳು ಒಳಗೆ ಚೌಕ, ಹೊರಗೆ 16 ಮೊನೆಯ ನಕ್ಷತ್ರ. ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ ನಡುವೆ ಗುಂಡುಪಿನ್ನು ಚುಚ್ಚಿ, ಸುತ್ತ ಗೆರೆ ಎಳೆಯಿರಿ. 22.5 ಡಿಗ್ರಿ ತಿರುಗಿಸಿ ಮತ್ತೆ ಎಳೆಯಿರಿ. ಹೀಗೆ ಒಟ್ಟು ನಾಲ್ಕು ಸಲ. 16 ಮೂಲೆಗಳ ನಕ್ಷತ್ರ ಬಂತಲ್ಲ! ಒಂದು ಹಗ್ಗ, ಒಂದು ಗೂಟ ಇದ್ದರೆ ನೆಲದ ಮೇಲೂ ಇದನ್ನು ಬರೆಯಬಹುದು.

ಇನ್ನು ಊರಿನ ಯೋಜನೆ. ಜನ ಇದನ್ನು ಸರ್ಕಾರದ ಕೆಲಸ, ನಮಗ್ಯಾಕೆ ಅಂದುಕೊಳ್ಳುತ್ತಾರೆ. ಸೈಟು ತಗೊಂಡ ಮೇಲೆ ಗೊತ್ತಾಗುತ್ತದೆ ಯಾಕೆ ಅಂತ. ಕಂಪ್ಯೂಟರ್ ಇದ್ದರೆ ಗೂಗಲ್ ಅರ್ಥ್ ಹಾಕಿಕೊಳ್ಳಿ. ಅದರಲ್ಲಿ ಹಳೆಯ ಉಪಗ್ರಹ ಚಿತ್ರ ತೋರಿಸುವ ಸೌಲಭ್ಯ ಇದೆ. ನಿಮ್ಮ ಬಡಾವಣೆಗೆ ಹೋಗಿ ಹದಿನೈದಿಪ್ಪತ್ತು ವರ್ಷ ಹಿಂದಕ್ಕೆ ಎಳೆಯಿರಿ. ಗದ್ದೆಯಿತ್ತೇ, ಹೊಲವೇ, ಕೆರೆಯ ಅಂಚೇ? ನನ್ನ ಹತ್ತಿರ ಬಂದ ಒಬ್ಬರ ಸೈಟಿನಲ್ಲಿ ಪಾಯ ತೋಡಿದಷ್ಟೂ ಕಪ್ಪು ಕೆಸರು, ಗಟ್ಟಿ ನೆಲವೇ ಸಿಗಲಿಲ್ಲ. ಸಂಜೆ ಆಫೀಸಿಗೆ ಬಂದು ಹಳೆಯ ಚಿತ್ರ ತೆಗೆದು ನೋಡಿದರೆ ಸೈಟು ಇದ್ದ ಜಾಗದಲ್ಲಿ ನೀರು ತುಂಬಿದ ಒಂದು ಕಟ್ಟೆ ಹೊಳೆಯುತ್ತಿತ್ತು. ಮಣ್ಣು ತುಂಬಿ ಲೇಔಟ್ ಮಾಡಿದ್ದರು. ಪಾಯಕ್ಕೇ ಅಂದಾಜಿನ ಎರಡರಷ್ಟು ಖರ್ಚಾಯಿತು. ಹತ್ತು ನಿಮಿಷದ ಕೆಲಸವನ್ನು ನಾನೇ ಮೊದಲು ಮಾಡಬೇಕಿತ್ತು. ಅವತ್ತಿನಿಂದ ಯಾವ ಸೈಟು ಬಂದರೂ ಮೊದಲು ಅದನ್ನೇ ನೋಡುತ್ತೇನೆ.

ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಇರಲಿ. ಕರ್ನಾಟಕ ಸರ್ಕಾರದ್ದೇ. ನೀವು ನಿಂತ ಜಾಗದ ಸರ್ವೆ ನಂಬರು, ಅಕ್ಕಪಕ್ಕದ ಗಡಿ ತೋರಿಸುತ್ತದೆ, ಹತ್ತಿರ ಕೆರೆಯೋ ಕಾಲುವೆಯೋ ಇದ್ದರೆ ತಿಳಿಯುತ್ತದೆ. ಅಳತೆಗೆ ಅದನ್ನೇ ನಂಬಿ ಬೇಲಿ ಹಾಕಬೇಡಿ, ಅದಕ್ಕೆ ಸರ್ವೆಯವರೇ ಬರಬೇಕು.

ಆಮೇಲೆ ನಿಮ್ಮೂರಿನ ಮಾಸ್ಟರ್ ಪ್ಲಾನ್. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಇದನ್ನು ಮಾಡುತ್ತಾರೆ. ಮೊದಲ ನೋಟಕ್ಕೆ ಬಣ್ಣದ ಚಿತ್ತಾರ ಅನ್ನಿಸುತ್ತದೆ. ಹಳದಿ ಅಂದರೆ ವಾಸ, ನೀಲಿ ವ್ಯಾಪಾರ, ನೇರಳೆ ಕೈಗಾರಿಕೆ, ಕೆಂಪು ಶಾಲೆ-ಆಸ್ಪತ್ರೆಯಂಥ ಸಾರ್ವಜನಿಕ ಜಾಗ, ಹಸಿರು ಪಾರ್ಕು. ನಿಮ್ಮ ಸೈಟು ಹಳದಿಯಲ್ಲಿದೆಯಾ ಅಂತ ನೋಡಿ ಸುಮ್ಮನಾಗಬೇಡಿ. ಮುಂದಿನ ರಸ್ತೆ ಅಗಲ ಮಾಡುವ ಗೆರೆ ಎಲ್ಲಿ ಹಾದಿದೆ ನೋಡಿ. ಆ ಗೆರೆ ಕಾಂಪೌಂಡಿನ ಒಳಗೆ ಬಂದಿದ್ದರೆ ಮನೆಯನ್ನು ಈಗಲೇ ಹಿಂದಕ್ಕೆ ಸರಿಸಬೇಕು. ಬೆಂಗಳೂರಿನ ಯೋಜನೆಗಳನ್ನು ಓಪನ್‌ಸಿಟಿ ಅನ್ನುವ ತಾಣ ಒಂದೆಡೆ ಕೂಡಿಟ್ಟಿದೆ. ಮಗಳು ಓದಿನ ದೃಷ್ಟಿಯಿಂದ ಅವನ್ನು ನೋಡಲಿ. ಜೊತೆಗೆ 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿಗೆ ಮುತ್ತಿಗೆ ಹಾಕಿದಾಗ ಬರೆದ ನಕ್ಷೆ ವಿಕಿಮೀಡಿಯಾ ಕಾಮನ್ಸ್‌ನಲ್ಲಿದೆ. ದುಂಡಗಿನ ಕೋಟೆ, ಅದರ ಉತ್ತರಕ್ಕೆ ಪೇಟೆ. ಪಕ್ಕದಲ್ಲಿ ಇವತ್ತಿನ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ಅವೆನ್ಯೂ ರಸ್ತೆ ಹುಡುಕಲಿ. ಆಗಿನ ದೊಡ್ಡಪೇಟೆ ಬೀದಿ ಅದೇ.

ಕೋರ್ಸುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಫೀಸು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಓಪನ್‌ಕೋರ್ಸ್‌ವೇರ್ ಪದವಿ ಸೇರಿದ ಮೇಲೆ ನೋಡಿದರೆ ಆಯಿತು. ಕಾಲೇಜಿನ ವಿಷಯಕ್ಕೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ತಾಣ ಒಂದೇ ಸಾಕು. ಯಾವ ಕಾಲೇಜಿಗೆ ಮಾನ್ಯತೆ ಇದೆ, ಆರ್ಕಿಟೆಕ್ಚರ್ ಪ್ರವೇಶಕ್ಕೆ ಬರೆಯುವ ನಾಟಾ ಪರೀಕ್ಷೆ ಯಾವಾಗ, ಪಿಯುಸಿಯಲ್ಲಿ ಯಾವ ವಿಷಯ ಇರಬೇಕು ಎಲ್ಲ ಅಲ್ಲಿದೆ. ಐದು ವರ್ಷದ ಓದು ಇದು, ರಾತ್ರಿ ನಿದ್ದೆ ಕಡಿಮೆ ಅಂತ ಈಗಲೇ ಹೇಳಿಬಿಡಿ. ಹಾಗೆಯೇ ನಿಮ್ಮ ಮನೆಗೆ ಆರ್ಕಿಟೆಕ್ಟ್ ಅಂತ ಹೇಳಿಕೊಂಡು ಬರುವವರ ಹೆಸರು ಅದೇ ಕೌನ್ಸಿಲ್ಲಿನ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. 1972ರ ಕಾಯ್ದೆ ಪ್ರಕಾರ ಅಲ್ಲಿ ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ.

ದುಬಾರಿ ಲ್ಯಾಪ್‌ಟಾಪ್ ಬೇಕು ಅಂತ ಮಗಳು ಕೇಳಬಹುದು. ಕಾಲೇಜು ಸೇರಿದ ಮೇಲೆ ತೆಗೆದುಕೊಡಿ. ಕಟ್ಟಡದ ಮೂರು ಆಯಾಮದ ಮಾದರಿ ಮಾಡಲು ಬ್ರೌಸರಿನಲ್ಲೇ ತೆರೆಯುವ ಸ್ಕೆಚ್‌ಅಪ್‌ನ ಪುಕ್ಕಟೆ ಆವೃತ್ತಿ ಸದ್ಯಕ್ಕೆ ಬೇಕಾದಷ್ಟಾಯಿತು. ನೀವಿಬ್ಬರೂ ಅಳೆದ ಮನೆಯನ್ನು ಅದರಲ್ಲಿ ಎಬ್ಬಿಸಲಿ. ಆಮೇಲೆ ಆ ನಾನೂರು ಚಿತ್ರಗಳನ್ನು ಮತ್ತೆ ತೆಗೆದು, ಪ್ಲಾನು ಸಿಗುವಂಥವನ್ನು ಮಾತ್ರ ಇಟ್ಟುಕೊಳ್ಳಿ. ಹತ್ತು ಉಳಿದರೆ ಹೆಚ್ಚು. ಆರ್ಕಿಟೆಕ್ಟ್ ಹತ್ತಿರ ಹೋಗುವಾಗ ಆ ಹತ್ತನ್ನೂ, ಅಳತೆಯ ಗ್ರಾಫ್ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.